ಎಂಟನೇ ತರಗತಿಯ ಮಕ್ಕಳನ್ನು ಲಾಲ್‌ಬಾಗ್‌ಗೆ ಕರೆದೊಯ್ಯಬೇಕು, ಏನು ತೋರಿಸಲಿ?

ಚಿಂತಾಮಣಿ ಟೀಚರ್

ಚಿಂತಾಮಣಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹೋದ ಜನವರಿಯಲ್ಲಿ 38 ಮಕ್ಕಳನ್ನು ಫಲಪುಷ್ಪ ಪ್ರದರ್ಶನಕ್ಕೆಂದು ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗಿದ್ದೆ. ಐದೂವರೆಗೆ ಬರಬೇಕಿದ್ದ ಬಸ್ಸು ಏಳೂಕಾಲಿಗೆ ಬಂತು. ನಾವು ತಲುಪುವ ಹೊತ್ತಿಗೆ ಗಾಜಿನ ಮನೆಯ ಸಾಲಿನ ಬಾಲ ಎಲ್ಲಿದೆ ಎಂದೇ ತಿಳಿಯಲಿಲ್ಲ. ಒಳಗೆ ಹೋದ ಮೇಲೆ ನನ್ನದು ತಲೆ ಎಣಿಸುವ ಕೆಲಸ, ಮಕ್ಕಳದು ಮುಂದಿನವರ ಬೆನ್ನು ನೋಡುವ ಕೆಲಸ. ಮಾರನೆಯ ದಿನ ಪ್ರಬಂಧ ಬರೆಸಿದರೆ ಹೆಚ್ಚುಕಡಿಮೆ ಎಲ್ಲರೂ ‘ಹೂವುಗಳು ಬಹಳ ಸುಂದರವಾಗಿದ್ದವು’ ಎಂದು ಬರೆದಿದ್ದರು. ಒಬ್ಬ ಮಾತ್ರ ಐಸ್‌ಕ್ರೀಮಿನ ಬೆಲೆಯನ್ನು ತಪ್ಪಿಲ್ಲದೆ ದಾಖಲಿಸಿದ್ದ.

ಈ ಸಲ ಪ್ರದರ್ಶನವಿಲ್ಲದ ದಿನ ಹೋಗೋಣ ಎಂದುಕೊಂಡಿದ್ದೇನೆ. ಆದರೆ ನನ್ನ ಮಕ್ಕಳು ಟೊಮೆಟೊ, ಹಿಪ್ಪುನೇರಳೆ ಬೆಳೆಯುವ ಮನೆಯವರು. ಎಲೆಯ ಮೇಲಿನ ಚುಕ್ಕೆ ನೋಡಿಯೇ ಯಾವ ಔಷಧಿ ಹೊಡೆಯಬೇಕೆಂದು ಹೇಳುತ್ತಾರೆ. ಅವರ ಮುಂದೆ ನಿಂತು ‘ಇದು ಬೇರು, ಇದು ಕಾಂಡ’ ಎನ್ನಲು ನನಗೇ ನಾಚಿಕೆ. 240 ಎಕರೆಯಲ್ಲಿ ಅವರು ಕಂಡಿರದ್ದು ಏನಿದೆ? ಬಲ್ಲವರು ಹೇಳಿ.

ಹಳೆಯ ಮಾಲಿ, ಶಿಡ್ಲಘಟ್ಟ

ಮೇಡಂ, ನಾನು ಓದಿದ್ದು ಹತ್ತನೇ ತರಗತಿ. ಆಮೇಲೆ ಮೂವತ್ತು ವರ್ಷ ಬೆಂಗಳೂರಿನ ತೋಟಗಳಲ್ಲಿ ಮಣ್ಣು ಕೆದಕಿ, ಈಗ ಊರಿಗೆ ಬಂದು ಕೂತಿದ್ದೇನೆ. ಶಾಲೆಯ ಮಕ್ಕಳು ಸಾಲಾಗಿ ಬಂದು ಸಾಲಾಗಿ ಹೋಗುವುದನ್ನು ನೋಡಿ ನೋಡಿ ಹೊಟ್ಟೆ ಉರಿದಿದೆ. ಎಲ್ಲವನ್ನೂ ತೋರಿಸಲು ಹೋಗಬೇಡಿ. ಎರಡೇ ಸಾಕು.

ಮೊದಲನೆಯದನ್ನು ಶಾಲೆಯಲ್ಲೇ ಶುರು ಮಾಡಿ. ಹೊರಡುವುದಕ್ಕೆ ಮೂರು ವಾರ ಮೊದಲು ಸಂತೆಯಲ್ಲಿ ಐದು ಸೀಮೆಬದನೆಕಾಯಿ ಕೊಳ್ಳಿ. ಎಳೆಯದು ಬೇಡ, ಸಿಪ್ಪೆ ಬಲಿತದ್ದನ್ನು ಆರಿಸಿಕೊಳ್ಳಿ. ಬಿಸಿಲು ಬೀಳದ ಕಡೆ, ಮೇಜಿನ ಮೇಲೆ ಅಡ್ಡಡ್ಡ ಮಲಗಿಸಿ. ನೀರು ಬೇಡ, ಮಣ್ಣೂ ಬೇಡ. ದಪ್ಪ ತುದಿಯಲ್ಲಿ ಹಲ್ಲಿಲ್ಲದ ಮುದುಕಿಯ ಬಾಯಿಯಂಥ ಒಂದು ಸೀಳು ಇರುತ್ತದಲ್ಲ, ಸ್ವಲ್ಪ ದಿನಕ್ಕೆ ಅಲ್ಲಿಂದ ಬೀಜ ನಾಲಿಗೆಯ ಹಾಗೆ ಹೊರಗೆ ಇಣುಕುತ್ತದೆ, ಅದರಿಂದ ಮೊಳಕೆ ಏಳುತ್ತದೆ. ಕಾಯಿಯೊಳಗೆ ಇರುವುದು ಒಂದೇ ಬೀಜ, ಅದು ಕಾಯಿಯ ಒಳಗೇ ಮೊಳೆಯುತ್ತದೆ. ರಾಗಿಯನ್ನು ಒಣಗಿಸಿ ವರ್ಷಗಟ್ಟಲೆ ಇಡುವ ಹಾಗೆ ಇದರ ಬೀಜವನ್ನು ತೆಗೆದು ಒಣಗಿಸಿಟ್ಟರೆ ಸತ್ತುಹೋಗುತ್ತದೆ. ಆದ್ದರಿಂದ ನೆಡುವಾಗ ಇಡೀ ಕಾಯಿಯನ್ನೇ ನೆಡಬೇಕು. ಬೀಜ ಕಟ್ಟಿ ಬದುಕುವ ನಿಮ್ಮ ರೈತರ ಮಕ್ಕಳಿಗೆ ಇದು ತಮಾಷೆಯಾಗಿ ಕಾಣುತ್ತದೆ.

ಇದಕ್ಕೂ ಲಾಲ್‌ಬಾಗ್‌ಗೂ ಏನು ಸಂಬಂಧ ಎನ್ನುತ್ತೀರಿ. ನಿಮ್ಮ ಕಡೆ ಮನೆಯಲ್ಲಿ ತೆಲುಗು ಆಡುವ ಮಕ್ಕಳಿರುತ್ತಾರೆ. ಅವರ ಅಜ್ಜಿ ಇದನ್ನು ಏನೆನ್ನುತ್ತಾರೆ ಕೇಳಿ. ‘ಬೆಂಗಳೂರು ವಂಕಾಯ.’ ನಾವು ‘ಸೀಮೆ’ ಎಂದು ಸೇರಿಸಿದ್ದು ಪರದೇಶದ್ದು ಎಂಬುದಕ್ಕೆ, ಸೀಮೆಎಣ್ಣೆ, ಸೀಮೆಸುಣ್ಣದ ಹಾಗೆ. ಇದರ ತವರು ಮೆಕ್ಸಿಕೋ ಕಡೆ. ಇಲ್ಲಿ ಇದನ್ನು ಬೆಳೆಸಿ ಹಬ್ಬಿಸಿದ್ದು ಲಾಲ್‌ಬಾಗ್‌ನ ಮುಖ್ಯಸ್ಥರಾಗಿದ್ದ ಜಾನ್ ಕ್ಯಾಮರಾನ್ ಎನ್ನುತ್ತಾರೆ. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದಾಗ ಇದ್ದದ್ದೂ ಅವರೇ. ಹೈದರ್ ಅಲಿ 1760ರಲ್ಲಿ ತೋಟ ಹಾಕಿಸಿದ, ಟಿಪ್ಪು ಬೆಳೆಸಿದ ಎಂದು ಪುಸ್ತಕ ಹೇಳುತ್ತದೆ. ಆ ತೋಟದಿಂದ ತಮ್ಮ ಸಾಂಬಾರಿಗೆ ಏನು ಬಂತು ಎಂದು ಯಾರೂ ಮಕ್ಕಳಿಗೆ ಹೇಳುವುದಿಲ್ಲ.

ಎರಡನೆಯದು ನಾಗಲಿಂಗದ ಮರ. ಹೂವು ರೆಂಬೆಯ ತುದಿಯಲ್ಲಿ ಇರುವುದಿಲ್ಲ, ಬೊಡ್ಡೆಯಿಂದಲೇ ಇಳಿಬಿದ್ದಿರುತ್ತದೆ. ಬಿದ್ದ ಹೂವೊಂದನ್ನು ಅಂಗೈಯಲ್ಲಿಟ್ಟು ಬಗ್ಗಿಸಿ ತೋರಿಸಿ. ಲಿಂಗದ ಸುತ್ತ ಉಂಗುರದಂತೆ ಗಿಡ್ಡ ಕೇಸರಗಳು, ಮೇಲೆ ಹೆಡೆಯಂತೆ ಬಾಗಿದ ಕೇಸರಗಳು. ಎರಡರಲ್ಲೂ ಪರಾಗವಿದೆ. ಆದರೆ ಹೆಡೆಯ ಪರಾಗದಿಂದ ಬೀಜ ಕಟ್ಟುವುದಿಲ್ಲ, ಅದು ದುಂಬಿಗೆ ಊಟ. ಉಂಗುರದ್ದು ವಂಶಕ್ಕೆ. ಈ ಹೂವಿನಲ್ಲಿ ಮಕರಂದವಿಲ್ಲ, ಹಾಗಾಗಿ ಮರವು ಬಂದ ನೆಂಟರಿಗೆ ಬೇರೆ ಎಲೆ ಹಾಕಿ ಬಡಿಸುತ್ತದೆ. ಇದನ್ನು ನನಗೆ ಹೇಳಿಕೊಟ್ಟ ಹಿರಿಯ ಮಾಲಿ ದಿನಾ ಪೂಜೆಗೆ ಈ ಹೂವು ಒಯ್ಯುತ್ತಿದ್ದವರು, ಅವರ ಭಕ್ತಿಯೇನೂ ಕಡಿಮೆಯಾಗಲಿಲ್ಲ. ದಕ್ಷಿಣ ಅಮೆರಿಕದ ಮರ ನಮ್ಮ ಶಿವನ ಗುಡಿಗೆ ಹೇಗೆ ಬಂತು ಎಂದು ಮಕ್ಕಳೇ ಕೇಳಲಿ. ಮರದ ಕೆಳಗೆ ಕೂರಿಸಬೇಡಿ, ಕಾಯಿ ಫಿರಂಗಿ ಗುಂಡಿನ ಹಾಗಿರುತ್ತದೆ.

ನಂದಿ ತಪ್ಪಲಿನವನು

ಪಕ್ಕದಲ್ಲೇ ನಂದಿಬೆಟ್ಟ ಇರುವಾಗ ಅಷ್ಟು ದೂರ ಏಕೆ? 1,478 ಮೀಟರ್ ಎತ್ತರ, ಅಲ್ಲೂ ತೋಟಗಾರಿಕೆ ಇಲಾಖೆಯ ತೋಟವಿದೆ. ಭಾರತಕ್ಕೆ ನೀಲಗಿರಿ ಮರ ಮೊದಲು ಬಂದದ್ದೇ ಅಲ್ಲಿಗೆ, ಟಿಪ್ಪು ಕಾಲದಲ್ಲಿ, ಸುಮಾರು 1790ರಲ್ಲಿ ಎನ್ನುತ್ತಾರೆ. ಅದೇ ಮರ ಮುಂದೆ ನಮ್ಮ ಜಿಲ್ಲೆಯ ಹೊಲಗಳನ್ನು ತುಂಬಿತು. ಅಂತರ್ಜಲ ಹೀರುತ್ತದೆ ಎಂದು 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಬತ್ತಿದ ಕೊಳವೆಬಾವಿಯ ಮಕ್ಕಳಿಗೆ ಇದಕ್ಕಿಂತ ಪಾಠ ಬೇಕೆ? ಬುತ್ತಿಯನ್ನು ಮಾತ್ರ ಚೀಲದೊಳಗೇ ಇಟ್ಟುಕೊಳ್ಳಿ, ಮಂಗಗಳು ಕೇಳದೆಯೇ ತೆಗೆದುಕೊಳ್ಳುತ್ತವೆ.

ದ್ರಾಕ್ಷಿ ತೋಟದ ಸೊಸೆ

ಸಸ್ಯಶಾಸ್ತ್ರ ಓದಿ ಈಗ ಚಿಕ್ಕಬಳ್ಳಾಪುರದ ಹತ್ತಿರ ದ್ರಾಕ್ಷಿ ಗೊನೆ ಎಣಿಸುತ್ತಿರುವವಳು. ನಂದಿಯಣ್ಣ, ಕೊಳವೆಬಾವಿ ಬತ್ತಿದ ಪಾಪವನ್ನೆಲ್ಲ ನೀಲಗಿರಿಯ ತಲೆಗೆ ಕಟ್ಟಬೇಡಿ. ಸಾವಿರ ಅಡಿ ಕೊರೆದವರು ಮರಗಳಲ್ಲ, ನಾವು.

ಟೀಚರ್, ಮಾಲಿಯವರ ಸೀಮೆಬದನೆಯನ್ನು ಎಸೆಯಬೇಡಿ, ನೆಟ್ಟು ಹಬ್ಬಿಸಿ. ಬಳ್ಳಿ ಆಸರೆ ಹಿಡಿಯಲು ಚಾಚುವ ಎಳೆ ಇದೆಯಲ್ಲ, ತುದಿ ತಂತಿಗೆ ಸುತ್ತಿಕೊಂಡ ಮೇಲೆ ಮಧ್ಯಭಾಗವೂ ಸ್ಪ್ರಿಂಗಿನಂತೆ ಸುರುಳಿಯಾಗುತ್ತದೆ. ಅದನ್ನು ಬೆರಳಿಟ್ಟು ಹಿಂಬಾಲಿಸಿದರೆ ನಡುವೆ ಒಂದು ಕಡೆ ಸುರುಳಿ ದಿಕ್ಕು ಬದಲಿಸುತ್ತದೆ: ಅರ್ಧ ಎಡಕ್ಕೆ, ಅರ್ಧ ಬಲಕ್ಕೆ. ಎರಡೂ ತುದಿ ಬಿಗಿಯಾಗಿರುವಾಗ ಒಂದೇ ದಿಕ್ಕಿಗೆ ತಿರುಚಿಕೊಳ್ಳಲು ಆಗುವುದಿಲ್ಲ. ನಂಬದ ಮಕ್ಕಳ ಕೈಗೆ ರಿಬ್ಬನ್ ಕೊಟ್ಟು ನೋಡಿ. ಲಾಲ್‌ಬಾಗ್‌ನಲ್ಲಿ ಎಲೆ ಕೀಳಿಸಬೇಡಿ, ಉದುರಿದ್ದನ್ನು ಹಳೆಯ ಪತ್ರಿಕೆಯ ನಡುವೆ ಇಟ್ಟು ದಿನಾ ಕಾಗದ ಬದಲಿಸಿ. ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ, ನನ್ನ ಪದವಿಯ ಮೊದಲ ವರ್ಷದ ಸಂಗ್ರಹವೇ ಸಾಕ್ಷಿ.

ಚಿಂತಾಮಣಿ ಟೀಚರ್

ಮೂರನೇ ವಾರದ ವರದಿ. ಐದು ಕಾಯಿ ತಂದು ಪ್ರಯೋಗಾಲಯದ ಮೇಜಿನ ಮೇಲೆ ಮಲಗಿಸಿದ್ದೆ. ನಾಲ್ಕು ಮೊಳೆತವು. ಅಜ್ಜಿಯನ್ನು ಕೇಳಿಕೊಂಡು ಬಂದ ಹನ್ನೊಂದು ಮಕ್ಕಳು ‘ಬೆಂಗಳೂರು ವಂಕಾಯ’ ಎಂದೇ ಬರೆದಿದ್ದಾರೆ. ಒಬ್ಬಳು ‘ಬೆಂಗಳೂರಿನವರು ಇದನ್ನು ಏನೆನ್ನುತ್ತಾರೆ’ ಎಂದು ಕೇಳಿದಳು, ಲಾಲ್‌ಬಾಗ್‌ನಲ್ಲೇ ಕೇಳೋಣ ಎಂದಿದ್ದೇನೆ.

ಸೋಮವಾರ ಬಂದು ನೋಡಿದರೆ ಮೇಜಿನ ಮೇಲೆ ಎರಡೇ ಇದ್ದವು. ಶನಿವಾರ ತರಕಾರಿ ಸಾಲಲಿಲ್ಲವೆಂದು ಬಿಸಿಯೂಟದ ಅಕ್ಕ ಒಯ್ದಿದ್ದರಂತೆ. ‘ಮೊಳಕೆ ಬಂದಿತ್ತು ಮಿಸ್, ಕೆಟ್ಟುಹೋಗುತ್ತದೆ ಎಂದು ಹಾಕಿಬಿಟ್ಟೆ’ ಎಂದರು. ಉಳಿದ ಎರಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಗುರುವಾರ ಕೈಪಂಪಿನ ಪಕ್ಕ ನೆಡುವುದೆಂದಾಗಿದೆ. ಚಪ್ಪರಕ್ಕೆ ಏನು ಮಾಡಲಿ? ಶಾಲೆಯಲ್ಲಿ ಅದಕ್ಕೆಲ್ಲ ಹಣವಿಲ್ಲ.

ಹಳೆಯ ಮಾಲಿ, ಶಿಡ್ಲಘಟ್ಟ

ಬೀರುವಿನಿಂದ ಹೊರಗೆ ತೆಗೆಯಿರಿ ಮೇಡಂ, ಗಾಳಿ ಬೇಕು. ನೆಡುವಾಗ ಕಾಯಿಯ ಮೊಳಕೆ ಬಂದ ದಪ್ಪ ತುದಿ ಕೆಳಗೆ ಬರುವಂತೆ ಓರೆಯಾಗಿ ಮಲಗಿಸಿ, ಕಾಯಿಯ ಕಾಲುಭಾಗ ಮಣ್ಣಿನ ಮೇಲೇ ಇರಲಿ. ನೀರು ನಿಂತರೆ ಕೊಳೆಯುತ್ತದೆ. ಚಪ್ಪರಕ್ಕೆ ದ್ರಾಕ್ಷಿಯವರ ಹಳೆಯ ತಂತಿ ಚೆನ್ನ.

ದ್ರಾಕ್ಷಿ ತೋಟದ ಸೊಸೆ

ತಂತಿ ನಮ್ಮಲ್ಲಿದೆ, ಮೂರು ಸುರುಳಿ. ನಮ್ಮ ಮಾವನವರು ಬುಧವಾರ ಚಿಂತಾಮಣಿ ಮಾರುಕಟ್ಟೆಗೆ ಬರುತ್ತಾರೆ, ಕೊಟ್ಟು ಕಳಿಸುತ್ತೇನೆ. ಕಲ್ಲುಕಂಬ ನೀವೇ ನೋಡಿಕೊಳ್ಳಿ.