ಆನ್‌ಲೈನ್ ಶೂ, ಅಂಗಿಗಳ ಅಳತೆ ಏಕೆ ಹೊಂದುವುದಿಲ್ಲ?

ಪ್ರಶ್ನೆ (ಕುವೆಂಪುನಗರ, ಮೈಸೂರು):
ದೇವರಾಜ ಅರಸು ರಸ್ತೆಯ ಅಂಗಡಿಗಳಲ್ಲಿ ಎಂಟನೇ ನಂಬರಿನ ಶೂ ಸರಿಹೊಂದುವ ನನ್ನ ಕಾಲಿಗೆ, ಆನ್‌ಲೈನ್‌ನಲ್ಲಿ ತರಿಸಿದ ಅದೇ ನಂಬರಿನ ಶೂ ಒಮ್ಮೆ ಬಿಗಿಯಾಗುತ್ತದೆ, ಮತ್ತೊಮ್ಮೆ ಹಿಮ್ಮಡಿ ಜಾರುವಷ್ಟು ಸಡಿಲವಾಗುತ್ತದೆ. ಅಂಗಿಗಳದೂ ಇದೇ ಪಾಡು. ವಾಪಸ್ ಕಳುಹಿಸುವ ತಾಪತ್ರಯವಿಲ್ಲದೆ ಅಳತೆ ಆರಿಸುವುದು ಹೇಗೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಮಂಡ್ಯ):
ಸರ್, ಆ ನಂಬರು ಯಾವ ದೇಶದ ಪದ್ಧತಿಯದು ಎಂಬುದನ್ನು ಮೊದಲು ನೋಡಿ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಬ್ರಿಟಿಷ್ ನಂಬರು. ಗಂಡಸರ ಶೂಗಳಲ್ಲಿ ಅದರ 8 ಎಂದರೆ ಅಮೆರಿಕದ ಲೆಕ್ಕದಲ್ಲಿ ಸುಮಾರು 9. ಬ್ರಿಟಿಷ್ ಪದ್ಧತಿಯಲ್ಲಿ ಒಂದು ನಂಬರಿಗೆ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ಹೆಚ್ಚಿದರೆ, ಯುರೋಪಿನದರಲ್ಲಿ ಸುಮಾರು 6.7 ಮಿಲಿಮೀಟರ್ ಮಾತ್ರ ಹೆಚ್ಚುವುದರಿಂದ, ಒಂದನ್ನು ಮತ್ತೊಂದಕ್ಕೆ ಪರಿವರ್ತಿಸುವ ಪಟ್ಟಿಗಳೆಲ್ಲವೂ ಅಂದಾಜಿನವೇ. ಸಂಜೆ, ಪಾದ ತುಸು ಊದಿಕೊಂಡಿರುವಾಗ, ಕಾಗದದ ಮೇಲೆ ನಿಂತು ಹಿಮ್ಮಡಿಯಿಂದ ಅತಿ ಉದ್ದನೆಯ ಬೆರಳಿನ ತುದಿಯವರೆಗೆ ಎರಡೂ ಪಾದಗಳನ್ನು ಅಳೆದು, ದೊಡ್ಡ ಪಾದದ ಅಳತೆಯನ್ನು ಆಯಾ ಕಂಪನಿಯ ಪಟ್ಟಿಯೊಂದಿಗೆ ಹೋಲಿಸಿ. ಸೆಂಟಿಮೀಟರ್ ಲೆಕ್ಕವನ್ನೇ ಕೊಡದ ಮಾರಾಟಗಾರರಿಂದ ನಾನಂತೂ ಕೊಳ್ಳುವುದಿಲ್ಲ.

ಉತ್ತರ (ಸರಸ್ವತೀಪುರಂ, ಮೈಸೂರು):
ಮೇಲಿನವರು ಉದ್ದವನ್ನು ಮಾತ್ರ ಹೇಳಿದ್ದಾರೆ. ಪಾದ ಅಗಲವಿರುವವರಿಗೆ ಒಂದು ನಂಬರು ಹೆಚ್ಚಿಸಿಕೊಳ್ಳುವುದು ಪರಿಹಾರವಲ್ಲ, ಏಕೆಂದರೆ ಆಗ ಹಿಮ್ಮಡಿ ಜಾರುತ್ತದೆ. ಅಂಗಿಯ ವಿಷಯದಲ್ಲಿ, ಪಟ್ಟಿಯಲ್ಲಿರುವ 40 ಇಂಚು ನಿಮ್ಮ ಎದೆಯ ಸುತ್ತಳತೆಯೋ ಅಥವಾ ಹೊಲಿದ ಅಂಗಿಯ ಸುತ್ತಳತೆಯೋ ಎಂಬುದನ್ನು ಗಮನಿಸಿ. ನಿಮಗೆ ಒಪ್ಪುವ ಹಳೆಯ ಅಂಗಿಯೊಂದನ್ನು ಮೇಜಿನ ಮೇಲೆ ಹಾಸಿ, ಕಂಕುಳಿನಿಂದ ಕಂಕುಳಿಗೆ ಅಳೆದು ದುಪ್ಪಟ್ಟು ಮಾಡಿದರೆ ಎರಡನೆಯ ಅಳತೆ ಸಿಗುತ್ತದೆ.

ಉತ್ತರ (ಮಂಡ್ಯ):
ಒಪ್ಪುತ್ತೇನೆ. ಹತ್ತಿಯ ಅಂಗಿಯಾದರೆ ಒಗೆದ ಮೇಲೆ ಕುಗ್ಗುವುದಕ್ಕೂ ಸ್ವಲ್ಪ ಅವಕಾಶ ಬಿಡಿ.