ಹಲಸಿನ ಹಣ್ಣು ಬಾಡಿಗೆಗೆ ಜಮಾ ಆಗಲ್ಲ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಹೆಸರು ‘ಉಪ್ಪಾರಹಳ್ಳಿ ಮನೆ’. ತುಮಕೂರಿನಲ್ಲಿ ಅಜ್ಜಿ ಇರುವ ಮನೆ ಅದು. ಕೆಳಗೆ ಅಜ್ಜಿ, ಮೇಲೆ ಬಾಡಿಗೆಯವರು. ಜೂನ್ ಮೊದಲ ಭಾನುವಾರ ಶಿವು ಮಾವ ಒಂದು ಫೋಟೋ ಹಾಕಿದರು, ಅಲ್ಲಿಂದ ಶುರು. ಶುಭೋದಯದ ಹೂವುಗಳನ್ನು ತೆಗೆದುಹಾಕಿದ್ದೇನೆ. ಆವರಣದಲ್ಲಿರುವುದು ನನ್ನ ಮಾತು.

ಬೆಳಿಗ್ಗೆ 9:12

ಶಿವು ಮಾವ: ಕಿರಣ, ಈ ಫೋಟೋ ಪ್ರಿಂಟ್ ತೆಗೆಸಿ ಮೇಲಿನ ಮನೆ ಬಾಗಿಲಿಗೆ ಅಂಟಿಸು. ಇವತ್ತೇ ಆಗಬೇಕು.

(ಅದರಲ್ಲಿ ಇದ್ದದ್ದು: ‘ಜನವರಿಯಿಂದ ಮೇವರೆಗೆ 5 ತಿಂಗಳ ಬಾಡಿಗೆ 42,500 ರೂಪಾಯಿ ಬಾಕಿ. 24 ಗಂಟೆಯೊಳಗೆ ಮನೆ ಖಾಲಿ ಮಾಡತಕ್ಕದ್ದು. ತಪ್ಪಿದಲ್ಲಿ ಕರೆಂಟು, ನೀರು ನಿಲ್ಲಿಸಿ ಬೀಗ ಹಾಕಲಾಗುವುದು. ಇಂತಿ, ಮನೆ ಮಾಲೀಕರು.’ ಕೆಳಗೆ ಮಾವನ ಸಹಿ, ಅರ್ಧ ಹಾಳೆ ಉದ್ದ.)

ನಾನು: ಸರಿ ಮಾವ.

ಅಮ್ಮ: ಅಣ್ಣ, ಇದೇನು? ಬೆಂಗಳೂರಲ್ಲಿ ಕೂತು ಬೀಗ ಹಾಕ್ತೀಯಾ?

ಶಿವು ಮಾವ: ಮತ್ತೇನು ಮಾಡಲಿ ಮಂಜು? ಐದು ತಿಂಗಳಾಯ್ತು. ಆ ಮಹಡಿ ಕಟ್ಟಿಸಿದ ಸಾಲದ ಕಂತು ಪ್ರತಿ 5ನೇ ತಾರೀಕು ನನ್ನ ಅಕೌಂಟಿಂದ ಹೋಗುತ್ತೆ. ಬ್ಯಾಂಕಿನವರು ‘ಪಾಪ’ ಅಂತಾರಾ?

ಅಮ್ಮ: ಅವರ ಯಜಮಾನರಿಗೆ ವಸಂತನರಸಾಪುರದಲ್ಲಿ ಕಾಂಟ್ರ್ಯಾಕ್ಟ್ ಕೆಲಸ ಇತ್ತು. ಹೋಗಿದೆ. ನಿನಗೂ ಗೊತ್ತು.

ಶಿವು ಮಾವ: ಗೊತ್ತು. ಜನವರಿಯಲ್ಲಿ ಗೊತ್ತಿತ್ತು, ಫೆಬ್ರವರಿಯಲ್ಲೂ ಸುಮ್ಮನಿದ್ದೆ. ನನ್ನ ಫೋನನ್ನೇ ಎತ್ತಲ್ಲ ಈಗ. ಹೋದ ವಾರ ಅಮ್ಮನಿಗೆ ಚೇಳೂರಿನ ಹಲಸಿನ ಹಣ್ಣು ಕೊಟ್ಟರಂತೆ. ಹಲಸಿನ ಹಣ್ಣು ಬಾಡಿಗೆಗೆ ಜಮಾ ಆಗಲ್ಲ.

(ಆ ಹಣ್ಣಿನಲ್ಲಿ ಹನ್ನೆರಡು ತೊಳೆ ನಾನೂ ತಿಂದಿದ್ದೆ. ಅದಕ್ಕೇ ಸುಮ್ಮನಿದ್ದೆ.)

ಸುಧಾ ಅತ್ತೆ: ಮಂಜುಳಾ, ಬೇಜಾರು ಮಾಡ್ಕೋಬೇಡಿ. ಅತ್ತೆಯವರ ಮಾತ್ರೆಗೂ ನಾವೇ ಕಳಿಸೋದು.

ಅಮ್ಮ: ಅತ್ತಿಗೆ, ಮಾತ್ರೆ ತಂದುಕೊಡೋದು ನಾನು. ಲೆಕ್ಕ ಹಾಕೋಣ್ವಾ?

9:41

(ಚಿಕ್ಕತಾತ ಟೈಪ್ ಮಾಡುತ್ತಿದ್ದಾರೆ ಅಂತ ನಾಲ್ಕು ನಿಮಿಷ ತೋರಿಸಿತು. ಅವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ರಿಟೈರ್ ಆದವರು. ಒಂದೇ ಬೆರಳಲ್ಲಿ ಟೈಪ್ ಮಾಡುತ್ತಾರೆ.)

ಚಿಕ್ಕತಾತ: ಶಿವು, ಈ ಕಾಗದ ಕೊಟ್ಟರೆ ನಿನ್ನ ಮೇಲೇ ಕೇಸು ಹಾಕೋಕೆ ಅವನಿಗೆ ದಾಖಲೆ ಕೊಟ್ಟ ಹಾಗೆ. ಕೋರ್ಟಿನ ಆದೇಶ ಇಲ್ಲದೆ ಬೀಗ ಹಾಕಿದರೆ, ಸ್ಪೆಸಿಫಿಕ್ ರಿಲೀಫ್ ಕಾಯ್ದೆ 1963, 6ನೇ ಕಲಂ. ಹೊರಗೆ ಹಾಕಿದ 6 ತಿಂಗಳೊಳಗೆ ಅವನು ದಾವೆ ಹಾಕಿದರೆ ಮನೆ ಸ್ವಾಧೀನ ವಾಪಸ್ ಕೊಡಬೇಕಾಗುತ್ತೆ. ಬಾಡಿಗೆ ಬಾಕಿ ಇದೆ ಅಂತ ನೀನು ಎಷ್ಟು ಕೂಗಿದರೂ ಅಲ್ಲಿ ಕೇಳಲ್ಲ.

ಸುಧಾ ಅತ್ತೆ: ಚಿಕ್ಕಮಾವ, ನಮ್ಮ ಅಪಾರ್ಟ್‌ಮೆಂಟ್ ಗುಂಪಲ್ಲಿ ಒಂದು ಫಾರ್ವರ್ಡ್ ಬಂದಿದೆ. ಕರ್ನಾಟಕ ಬಾಡಿಗೆ ಕಾಯ್ದೆ ಪ್ರಕಾರ 2 ತಿಂಗಳು ಟೈಮ್ ಕೊಡಬೇಕಂತೆ?

ಚಿಕ್ಕತಾತ: ಅದು 1999ರ ಕಾಯ್ದೆಯಮ್ಮ. ಬಾಕಿ ಕೇಳಿ ನೋಟಿಸು ಕೊಟ್ಟ ಮೇಲೆ ಕಟ್ಟೋಕೆ 2 ತಿಂಗಳು, ಅದು ನಿಜ. ಆದರೆ ದೊಡ್ಡ ಊರಲ್ಲಿ ಬಾಡಿಗೆ 3,500 ದಾಟಿದರೆ, ಉಳಿದ ಕಡೆ 2,000 ದಾಟಿದರೆ ಆ ಕಾಯ್ದೆ ಅನ್ವಯ ಆಗಲ್ಲ. ನಮ್ಮದು 8,500. ನಮಗಿರೋದು 1882ರ ಆಸ್ತಿ ವರ್ಗಾವಣೆ ಕಾಯ್ದೆ, 106ನೇ ಕಲಂ. 15 ದಿನದ ನೋಟಿಸು.

ಶಿವು ಮಾವ: ಅಗ್ರಿಮೆಂಟೇ ಮುಗಿದು ಎರಡು ವರ್ಷ ಆಯ್ತಲ್ಲ ಚಿಕ್ಕಪ್ಪ. ಅವನಿಗೆ ಹಕ್ಕೆಲ್ಲಿದೆ?

ಚಿಕ್ಕತಾತ: 11 ತಿಂಗಳ ಅಗ್ರಿಮೆಂಟು ಮುಗಿದ ಮೇಲೂ ನೀವು ಬಾಡಿಗೆ ತಗೊಂಡಿರಿ. ಆಗ ಅದು ತಿಂಗಳು ತಿಂಗಳ ಬಾಡಿಗೆ ಆಗುತ್ತೆ. ಅದಕ್ಕೇ 15 ದಿನ. ಅದೂ ನೋಟಿಸು ಅವನ ಕೈಗೆ ಸಿಕ್ಕ ದಿನದಿಂದ ಲೆಕ್ಕ, ನೀನು ಸಹಿ ಮಾಡಿದ ದಿನದಿಂದಲ್ಲ.

ಚಿಕ್ಕತಾತ: ಅಂದಹಾಗೆ ನೀನು ಯಾಕೆ ಸಹಿ ಮಾಡಿದ್ದೀಯ?

ಶಿವು ಮಾವ: ಯಾಕೆ ಅಂದರೆ?

ಚಿಕ್ಕತಾತ: ಖಾತೆ ಯಾರ ಹೆಸರಲ್ಲಿದೆ?

(ಇಲ್ಲಿ ಆರು ನಿಮಿಷ ಯಾರೂ ಏನೂ ಬರೆಯಲಿಲ್ಲ.)

ಅಮ್ಮ: ಅಮ್ಮನ ಹೆಸರಲ್ಲಿ. ಕಂದಾಯದ ರಸೀದಿ ನನ್ನ ಬೀರುವಿನಲ್ಲೇ ಇದೆ. ಅಗ್ರಿಮೆಂಟಲ್ಲೂ ಅಮ್ಮನ ಸಹಿ.

ಚಿಕ್ಕತಾತ: ಹಾಗಾದರೆ ಅತ್ತಿಗೆ ಸಹಿ ಮಾಡಬೇಕು. ಇಲ್ಲಾ ಅವರ ಪರವಾಗಿ ವಕೀಲರು. ಮಾಲೀಕರಲ್ಲದವರು ‘ಇಂತಿ ಮಾಲೀಕರು’ ಅಂತ ಬರೆದರೆ ಎದುರು ವಕೀಲ ಕಾಫಿ ಕುಡೀತಾ ಕೇಸು ಗೆಲ್ತಾನೆ.

ಶಿವು ಮಾವ: ಕರೆಂಟು ತೆಗೆದರೆ ಸಾಕು, ತಾನಾಗೇ ಹೋಗ್ತಾನೆ.

ಅಮ್ಮ: ಮೇಲಿನ ಮೀಟರಿನ ಗೃಹಜ್ಯೋತಿ ಅವರ ಆಧಾರಲ್ಲೇ ಇದೆ ಅಣ್ಣ. ಅಲ್ಲಿ ಎರಡನೇ ಕ್ಲಾಸಿನ ಹುಡುಗಿ ಇದ್ದಾಳೆ. ಜೂನ್ ತಿಂಗಳು, ಶಾಲೆ ಈಗ ಶುರುವಾಗಿದೆ.

ಶಿವು ಮಾವ: ನನ್ನ ಮಕ್ಕಳಿಗೂ ಶಾಲೆ ಶುರುವಾಗಿದೆ.

(ಇದಕ್ಕೆ ಅಮ್ಮ ಉತ್ತರ ಕೊಡಲಿಲ್ಲ. ಅಮ್ಮ ಹೇಳಿದ್ದು ಸರಿ. ಆದರೆ ಮಾವ ಹೇಳಿದ್ದೂ ಸುಳ್ಳಲ್ಲ.)

10:25

ನಾನು: ಅಂಟಿಸಿದೆ ಮಾವ.

ಅಮ್ಮ: ಏನು???

ನಾನು: ಫೋನು ಜೇಬಲ್ಲಿತ್ತು ಅಮ್ಮ. ಜೆರಾಕ್ಸ್ ಅಂಗಡಿಯಿಂದ ಸೀದಾ ಬಂದೆ. ಈಗಷ್ಟೇ ಓದಿದೆ ಇದನ್ನೆಲ್ಲ.

ಚಿಕ್ಕತಾತ: ಅವರು ನೋಡಿದರಾ?

ನಾನು: ಗಮ್ ಒತ್ತುತ್ತಿದ್ದಾಗಲೇ ಮೇಲಿನ ಅಕ್ಕ ಬಾಗಿಲು ತೆಗೆದರು. ಕೈಯಲ್ಲಿ ಹಿಟ್ಟಿತ್ತು. ಪೂರ್ತಿ ಓದಿದರು. ಬೈಯಲಿಲ್ಲ. ‘ಅಜ್ಜಿಗೆ ಗೊತ್ತಾ?’ ಅಂದರು. ನಾನು ಇಲ್ಲ ಅಂದೆ. ಕೆಳಗೆ ಹೋದರು.

ಶಿವು ಮಾವ: ಒಳ್ಳೇದಾಯ್ತು. ಈಗಲಾದರೂ ಬಿಸಿ ತಟ್ಟಲಿ.

10:38

(ಅಜ್ಜಿಗೆ ಟೈಪ್ ಮಾಡಲು ಬರಲ್ಲ. ಒಂದು ವಾಯ್ಸ್ ಮೆಸೇಜ್ ಬಂತು. ಹಿಂದೆ ಕುಕ್ಕರ್ ಕೂಗುತ್ತಿತ್ತು. ಕೇಳಿಸಿದ ಹಾಗೆ ಬರೆದಿದ್ದೇನೆ.)

ಅಜ್ಜಿ: ಶಿವೂ... ಅವಳು ಬಂದು ಕೂತಿದ್ದಾಳೆ ಕಣೋ ಇಲ್ಲಿ. ನೀನು ಬರೆದಿರೋ ಲೆಕ್ಕ ತಪ್ಪು. ಎರಡು ಸಲ ದುಡ್ಡು ಕೊಟ್ಟಿದ್ದಾಳೆ ನನ್ನ ಕೈಗೆ. ನಿನಗೆ ಹೇಳೋದು ಮರೆತೆ. ಬರೆದಿಟ್ಟಿದ್ದೀನಪ್ಪ, ಹಾಲಿನ ಲೆಕ್ಕದ ಕ್ಯಾಲೆಂಡರಲ್ಲಿ. ಕಿರಣಂಗೆ ನೋಡು ಅನ್ನು.

(ಹೋಗಿ ನೋಡಿದೆ. ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರು. ಪ್ರತಿ ದಿನದ ಚೌಕದಲ್ಲೂ ‘ಅ’, ಅಂದರೆ ಅರ್ಧ ಲೀಟರು. ಮಾರ್ಚ್ 9ರಲ್ಲಿ ಪೆನ್ಸಿಲಲ್ಲಿ ‘ಮೇಲ್ಗಡೆ 3000’. ಏಪ್ರಿಲ್ 22ರಲ್ಲಿ ‘ಮೇಲ್ಗಡೆ 4000, ಹಾಲು ಇಲ್ಲ’. ಎರಡರದ್ದೂ ಫೋಟೋ ಹಾಕಿದೆ.)

ಚಿಕ್ಕತಾತ: ನೋಡಪ್ಪಾ. ಬಾಕಿ 42,500 ಅಲ್ಲ, 35,500. ರಸೀದಿ ಕೊಟ್ಟಿಲ್ಲ ಬೇರೆ.

ಸುಧಾ ಅತ್ತೆ: ಅತ್ತೆ ನಮಗೆ ಒಂದು ಮಾತು ಹೇಳಬಹುದಿತ್ತು.

ಅಮ್ಮ: ನನಗೂ ಹೇಳಿಲ್ಲ ಅತ್ತಿಗೆ. ಇದರಲ್ಲಿ ನಾವಿಬ್ಬರೂ ಒಂದೇ ಕಡೆ 😀

ಶಿವು ಮಾವ: 35,500 ಆದರೂ ಬಾಕಿ ಬಾಕಿನೇ. ನಾನು ಬಿಡಲ್ಲ.

ಚಿಕ್ಕತಾತ: ಬಿಡು ಅಂತ ಯಾರು ಹೇಳಿದರು? ಸರಿಯಾಗಿ ಕೇಳು ಅಂದೆ. ನಾನೇ ಡ್ರಾಫ್ಟ್ ಮಾಡ್ತೀನಿ. ಮೊತ್ತ 35,500, ಯಾವ ತಿಂಗಳದ್ದು ಎಷ್ಟು ಅಂತ ಬಿಡಿಸಿ. ಅತ್ತಿಗೆ ಸಹಿ. 15 ದಿನ. ರಿಜಿಸ್ಟರ್ಡ್ ಪೋಸ್ಟು ಈಗ ಸ್ಪೀಡ್ ಪೋಸ್ಟಲ್ಲೇ ಸೇರಿಕೊಂಡಿದೆ, ಅದರಲ್ಲಿ ಕಳಿಸಿ ಮುಟ್ಟಿದ್ದಕ್ಕೆ ಸಹಿ ತರಿಸ್ಕೊಳ್ಳೋದು. ಬೇಡ ಅಂತ ವಾಪಸ್ ಕಳಿಸಿದರೂ ಕೊಟ್ಟ ಹಾಗೇ ಲೆಕ್ಕ. ಕವರ್ ಒಡೆಯಬೇಡಿ, ಹಾಗೇ ಇಡಿ.

ಚಿಕ್ಕತಾತ: ಇನ್ನೊಂದು. ನೋಟಿಸು ಕೊಟ್ಟ ಮೇಲೆ ಅತ್ತಿಗೆ ಸುಮ್ನೆ ದುಡ್ಡು ತಗೊಂಡು ಕ್ಯಾಲೆಂಡರಲ್ಲಿ ಬರೆಯೋ ಹಾಗಿಲ್ಲ. ಗಡುವು ಮುಗಿದ ಮೇಲೆ ಹೊಸ ತಿಂಗಳ ಬಾಡಿಗೆ ಅಂತ ತಗೊಂಡರೆ ನೋಟಿಸೇ ಬಿಟ್ಟುಕೊಟ್ಟ ಹಾಗೆ, ಅದೇ ಆಸ್ತಿ ವರ್ಗಾವಣೆ ಕಾಯ್ದೆಯ 113ನೇ ಕಲಂ. ತಗೊಂಡರೆ ‘ಹಳೇ ಬಾಕಿ ಬಾಬ್ತು’ ಅಂತ ರಸೀದಿ ಬರೆದು ಕೊಡಬೇಕು.

ಶಿವು ಮಾವ: 15 ದಿನ ಆದ ಮೇಲೂ ಹೋಗಲಿಲ್ಲ ಅಂದರೆ?

ಚಿಕ್ಕತಾತ: ದಾವೆ.

ಶಿವು ಮಾವ: ಅದು ಎಷ್ಟು ದಿನ?

ಚಿಕ್ಕತಾತ: ದಿನದಲ್ಲಿ ಕೇಳಬೇಡ.

ಅಮ್ಮ: ಅದಕ್ಕೇ ಹೇಳೋದು ಅಣ್ಣ. 50,000 ಅಡ್ವಾನ್ಸ್ ನಮ್ಮ ಹತ್ತಿರವೇ ಇದೆ. ನೋಟಿಸು ಕೊಡೋಣ, ನಾನು ಬೇಡ ಅನ್ನಲ್ಲ. ಅದಕ್ಕೆ ಮುಂಚೆ ನೀನೇ ಒಂದು ಭಾನುವಾರ ಬಂದು ಅವರನ್ನು ಕೂರಿಸಿ ಕೇಳು. ತಿಂಗಳಿಗೆ ಎಷ್ಟು ಕೊಡೋಕಾಗುತ್ತೆ, ಇಲ್ಲಾ ಯಾವಾಗ ಹೋಗ್ತಾರೆ.

ಶಿವು ಮಾವ: ಬರ್ತೀನಿ. ನೋಟಿಸು ತಗೊಂಡೇ ಬರ್ತೀನಿ.

ಶಿವು ಮಾವ: ಕಿರಣ, ಆ ಕಾಗದ ಕಿತ್ತು ಹಾಕು.

11:06

ನಾನು: ಕಿತ್ತೆ ಮಾವ. ಜೊತೆಗೆ ಬಾಗಿಲಿನ ಪೇಂಟೂ ಒಂದು ಅಂಗೈ ಅಗಲ ಬಂತು.

ಶಿವು ಮಾವ: ಯಾವ ಗಮ್ ಹಾಕಿದ್ಯೋ?

ನಾನು: ಫೆವಿಕಾಲ್.

ಅಜ್ಜಿ: (ವಾಯ್ಸ್) ಕಿರಣ, ಕೆಳಗೆ ಬಾರೋ. ಇನ್ನರ್ಧ ಹಣ್ಣು ಹಾಗೇ ಇದೆ, ಕೆಟ್ಟುಹೋಗುತ್ತೆ.