ಫೋಟೋ ಹಂಚಲು ಸೋಷಿಯಲ್ ಮೀಡಿಯಾ ಸಾಕೇ, ಸ್ವಂತ ವೆಬ್‌ಸೈಟ್ ಬೇಕೇ? ಬಲ್ಲವರು ತಿಳಿಸಿ

ಪ್ರಶ್ನೆ: ಹಕ್ಕಿ, ಹೂವು, ಬೆಟ್ಟಗುಡ್ಡ ಎಲ್ಲ ಸೇರಿ ಸುಮಾರು 3000 ಫೋಟೋ ಇವೆ. ಮನೆಮಂದಿಯ ಫೋಟೋಗಳು ಬೇರೆ. ಈಗ ಎಲ್ಲವೂ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿವೆ. ಹಾಕಿದ ಮೇಲೆ ಚಿತ್ರ ಮಂಕಾಗುತ್ತದೆ, ಹಳೆಯದನ್ನು ಹುಡುಕಿದರೆ ಸಿಗುವುದಿಲ್ಲ. ಸ್ವಂತ ಸೈಟ್ ಮಾಡಿಕೊಂಡರೆ ಎಷ್ಟು ಕೆಲಸ ಹಿಡಿಯುತ್ತದೆ, ಎಲ್ಲಿ ಎಡವುತ್ತೇವೆ? ಕೋಡಿಂಗ್ ಗೊತ್ತಿಲ್ಲ.

ಉತ್ತರ 1

ಮಂಕಾಗುವುದಕ್ಕೆ ಮದ್ದಿದೆ, ಅದಕ್ಕಾಗಿಯೇ ಸೈಟ್ ಮಾಡಬೇಕಿಲ್ಲ. ಇನ್‌ಸ್ಟಾಗ್ರಾಮ್ ಚಿತ್ರವನ್ನು 1080 ಪಿಕ್ಸೆಲ್ ಅಗಲಕ್ಕೆ ಇಳಿಸುತ್ತದೆ, ಫೇಸ್‌ಬುಕ್ 2048ರವರೆಗೆ ಬಿಡುತ್ತದೆ. ನೀವು 6000 ಪಿಕ್ಸೆಲ್‌ನ ಫೈಲ್ ಕೊಟ್ಟರೆ ಕುಗ್ಗಿಸುವ ಕೆಲಸವನ್ನು ಅವರ ಯಂತ್ರಕ್ಕೆ ಬಿಟ್ಟಂತೆ. ಅದು ಅವಸರದಲ್ಲಿ, ಜಾಗ ಉಳಿಸುವ ಲೆಕ್ಕದಲ್ಲೇ ಮಾಡುತ್ತದೆ. ನೀವೇ 1080×1350ಕ್ಕೆ ಇಳಿಸಿ, ಇಳಿಸಿದ ಮೇಲೆ ಸ್ವಲ್ಪ ಶಾರ್ಪನ್ ಮಾಡಿ, ಜೆಪೆಗ್ ಗುಣಮಟ್ಟ 80-85ರಲ್ಲಿ ಉಳಿಸಿ ಹಾಕಿ. ಶಾರ್ಪನ್ ಮಾಡಿ ಆಮೇಲೆ ಇಳಿಸಿದರೆ ಮಾಡಿದ್ದು ವ್ಯರ್ಥ.

ಹಕ್ಕಿಯ ಫೋಟೋ ಉಳಿದವುಗಳಿಗಿಂತ ಹೆಚ್ಚು ಕೆಡುವುದಕ್ಕೂ ಕಾರಣವಿದೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮ ವಿವರವನ್ನು ಕಳಚಿ ಜಾಗ ಉಳಿಸುತ್ತದೆ. ಗರಿ, ಹುಲ್ಲು, ಕತ್ತಲಲ್ಲಿ ತೆಗೆದ ಚಿತ್ರದ ಕಾಳುಕಾಳು ಚುಕ್ಕೆ (ನಾಯ್ಸ್) ಎಲ್ಲವೂ ಆ ಸೂಕ್ಷ್ಮ ವಿವರವೇ. ಹಾಗಾಗಿ ಹಿನ್ನೆಲೆಯ ನಾಯ್ಸ್ ಮೊದಲೇ ತೆಗೆದುಬಿಡಿ, ಉಳಿಯುವ ಜಾಗ ಗರಿಗೆ ಸಿಗುತ್ತದೆ.

ಬಣ್ಣ ಸಪ್ಪೆಯಾಗಿ ಕಂಡರೆ ಅದು ಬೇರೆ ರೋಗ. ಮುದ್ರಣಕ್ಕೆ ಹೆಚ್ಚಾಗಿ ಬಳಸುವ ಅಡೋಬ್ ಆರ್‌ಜಿಬಿ ಎಂಬ ಬಣ್ಣದ ವ್ಯವಸ್ಥೆಯಲ್ಲಿ ಎಕ್ಸ್‌ಪೋರ್ಟ್ ಆಗಿರಬಹುದು. ವೆಬ್‌ಗೆ ಒಗ್ಗುವ ಎಸ್‌ಆರ್‌ಜಿಬಿಗೆ ಬದಲಿಸಿ. ಕಂಪ್ಯೂಟರ್‌ನಿಂದ ಫೋನಿಗೆ ಕಳಿಸುವಾಗ ವಾಟ್ಸಾಪ್ ಬಳಸುತ್ತೀರಾದರೆ ಫೋಟೋ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ಇಲ್ಲವಾದರೆ ಇನ್‌ಸ್ಟಾಗ್ರಾಮ್ ಮುಟ್ಟುವ ಮೊದಲೇ ಒಮ್ಮೆ ಹಿಂಡಿ ಆಗಿರುತ್ತದೆ.

ಉತ್ತರ 2

ಮೇಲಿನದೆಲ್ಲ ಸರಿ, ಆದರೆ ಅಡ್ಡ ಚಿತ್ರಕ್ಕೆ ಆ ಮದ್ದು ನಾಟುವುದಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಉದ್ದಗಲದ ಅನುಪಾತ 1.91:1 ದಾಟುವಂತಿಲ್ಲ. 1080 ಅಗಲಕ್ಕೆ ಎತ್ತರ ಬರೀ 566. ಬೆಟ್ಟಸಾಲಿನ ಪನೋರಮಾ ಅಲ್ಲಿ ಪಟ್ಟಿಯಷ್ಟಾಗುತ್ತದೆ. ಅಂಥ ಚಿತ್ರಗಳಿಗೆ ಸ್ವಂತ ಸೈಟೇ ಸರಿ.

ಕೋಡಿಂಗ್ ಬರದವರಿಗೆ ದಾರಿ ಎರಡು: ಬ್ಲಾಗು, ಸೈಟು ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್, ಇಲ್ಲವೇ ಫೋಟೋ ಗ್ಯಾಲರಿಗೆಂದೇ ಇರುವ ಪಿವಿಗೋ. ಫೋಟೋಗಿಂತ ಬರಹ ಹೆಚ್ಚಿದ್ದರೆ ಮೊದಲನೆಯದು, ಆಲ್ಬಮ್ಮು, ಟ್ಯಾಗು, ಹುಡುಕಾಟವೇ ಮುಖ್ಯವಾದರೆ ಎರಡನೆಯದು. 3000 ಫೋಟೋ ಎಂದಿರಿ, ನನ್ನ ಓಟು ಪಿವಿಗೋಗೆ.

ಮೊದಲು ಡೊಮೇನ್ ಹೆಸರು, ಅಂದರೆ ಸೈಟ್‌ನ ವಿಳಾಸ, ಕೊಳ್ಳಿ. ಅದು ನಿಮ್ಮ ಹೆಸರಲ್ಲಿ, ನಿಮ್ಮದೇ ಇಮೇಲ್‌ನಲ್ಲಿ ನೋಂದಣಿ ಆಗಬೇಕು. ಸೈಟ್ ಮಾಡಿಕೊಡುವವರ ಹೆಸರಲ್ಲಿ ಬೇಡವೇ ಬೇಡ. ಹೋಸ್ಟಿಂಗ್ (ಸೈಟ್‌ನ ಫೈಲ್‌ಗಳಿಗೆ ಬಾಡಿಗೆಗೆ ಸಿಗುವ ಜಾಗ) ಇಷ್ಟವಾಗದಿದ್ದರೆ ಬೇರೆಡೆಗೆ ಹೋಗಬಹುದು, ವಿಳಾಸ ಬದಲಾಗುವುದಿಲ್ಲ. ಜನ ಉಳಿಸಿಕೊಂಡ ಲಿಂಕೂ ಮುರಿಯುವುದಿಲ್ಲ.

ಜಾಗದ ಲೆಕ್ಕ ಹೀಗೆ. ಕ್ಯಾಮೆರಾದಿಂದ ಬಂದ ಫೈಲ್ ತಲಾ 8 ಎಂಬಿ ಎಂದಿಟ್ಟುಕೊಂಡರೂ 3000ಕ್ಕೆ 24 ಜಿಬಿ. ಉದ್ದದ ಬದಿ 2048 ಪಿಕ್ಸೆಲ್, ಗುಣಮಟ್ಟ 82ಕ್ಕೆ ಇಳಿಸಿದರೆ ಸುಮಾರು 600 ಕೆಬಿ, ಒಟ್ಟು 1.8 ಜಿಬಿ. ಅದರ ಮೇಲೆ ಸೈಟ್ ತಾನೇ ಮಾಡಿಕೊಳ್ಳುವ ಚಿಕ್ಕ ಪ್ರತಿಗಳಿವೆ. ವರ್ಡ್‌ಪ್ರೆಸ್ ಒಂದೊಂದು ಫೋಟೋಗೂ 150ರಿಂದ 2048 ಪಿಕ್ಸೆಲ್‌ವರೆಗೆ ಹಲವು ಅಳತೆಯ ಪ್ರತಿ ಮಾಡಿಡುತ್ತದೆ. 3000 ಫೋಟೋ ನೋಡನೋಡುತ್ತಲೇ 20,000 ಫೈಲ್ ಆಗುತ್ತದೆ. ಅಗ್ಗದ ಹೋಸ್ಟಿಂಗ್‌ನಲ್ಲಿ ಜಾಗ ತುಂಬುವ ಮೊದಲೇ ಫೈಲ್‌ಗಳ ಸಂಖ್ಯೆಯ ಮಿತಿ ತಗಲುವುದು ಇದರಿಂದಲೇ. ಕೊಳ್ಳುವ ಮುಂಚೆ ಆ ಮಿತಿ ಎಷ್ಟೆಂದು ಕೇಳಿ.

ಒಂದೇ ಪುಟದಲ್ಲಿ 40 ದೊಡ್ಡ ಫೋಟೋ ಹಾಕಿದರೆ 24 ಎಂಬಿ, ಮೊಬೈಲ್‌ನಲ್ಲಿ ಯಾರೂ ಕಾಯುವುದಿಲ್ಲ. ಪುಟದಲ್ಲಿ 400 ಪಿಕ್ಸೆಲ್‌ನ ಚಿಕ್ಕ ಚಿತ್ರಗಳಿರಲಿ, ತಲಾ 40 ಕೆಬಿ ಹಿಡಿದರೆ ಒಟ್ಟು 1.6 ಎಂಬಿ. ಒತ್ತಿದಾಗ ಮಾತ್ರ ದೊಡ್ಡದು ತೆರೆಯಲಿ.

ಉತ್ತರ 3

ಯಾರೂ ಹೇಳದ ಒಂದು ವಿಷಯ: ಜಿಪಿಎಸ್. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡೂ ನೋಡುಗರಿಗೆ ತೋರಿಸುವ ಪ್ರತಿಯಿಂದ ಸ್ಥಳದ ಮಾಹಿತಿಯನ್ನು ಕಿತ್ತುಹಾಕಿರುತ್ತವೆ. ಸ್ವಂತ ಸೈಟ್‌ನಲ್ಲಿ ಆ ಕೆಲಸ ನಿಮ್ಮದು. ಫೋನಿನಲ್ಲಿ ತೆಗೆದ ಚಿತ್ರವನ್ನು ಹಾಗೇ ಹಾಕಿದರೆ ಹಕ್ಕಿಯ ಗೂಡು ಎಲ್ಲಿದೆ, ಮನೆ ಎಲ್ಲಿದೆ ಎಂಬುದು ಅಕ್ಷಾಂಶ ರೇಖಾಂಶದ ಸಮೇತ ಫೈಲ್ ಒಳಗೇ ಕೂತಿರುತ್ತದೆ. 2019ರ 5.3 ಆವೃತ್ತಿಯಿಂದೀಚೆಗೆ ವರ್ಡ್‌ಪ್ರೆಸ್ ದೊಡ್ಡ ಚಿತ್ರವನ್ನು 2560 ಪಿಕ್ಸೆಲ್‌ಗೆ ಇಳಿಸಿ ತೋರಿಸುತ್ತದೆ, ನಿಜ. ಆದರೆ ಒರಿಜಿನಲ್ ಫೈಲ್ ಅದೇ ಫೋಲ್ಡರ್‌ನಲ್ಲಿ ಉಳಿದಿರುತ್ತದೆ. ವಿಳಾಸ ಊಹಿಸಿದವರು ಇಳಿಸಿಕೊಳ್ಳಬಹುದು.

ಹಾಗೆಂದು ಎಕ್ಸಿಫ್ ಮಾಹಿತಿಯನ್ನು (ಕ್ಯಾಮೆರಾ ಫೈಲ್ ಒಳಗೆ ಬರೆದಿಡುವ ವಿವರ) ಒಂದೇ ಏಟಿಗೆ ಪೂರ್ತಿ ಅಳಿಸಬೇಡಿ. ಫೋಟೋ ಯಾವ ಕಡೆ ತಿರುಗಿರಬೇಕು ಎಂಬ ಸೂಚನೆಯೂ ಅದರಲ್ಲೇ ಇರುತ್ತದೆ, ಅದು ಹೋದರೆ ನಿಂತ ಚಿತ್ರ ಮಲಗಿಬಿಡುತ್ತದೆ. ಕೆಲವು ಸಾಧನಗಳು ಅದರ ಜೊತೆ ಬಣ್ಣದ ಪ್ರೊಫೈಲನ್ನೂ ಎಸೆಯುತ್ತವೆ. ಮೊದಲು ಚಿತ್ರವನ್ನು ನಿಜವಾಗಿ ತಿರುಗಿಸಿ ಉಳಿಸಿ, ಎಸ್‌ಆರ್‌ಜಿಬಿ ಮಾಡಿ, ಆಮೇಲೆ ಸ್ಥಳ ಮತ್ತು ಕ್ಯಾಮೆರಾದ ಸೀರಿಯಲ್ ನಂಬರ್ ಮಾತ್ರ ತೆಗೆಯಿರಿ. ಹಕ್ಕುಸ್ವಾಮ್ಯದ ಸಾಲು ಉಳಿಯಲಿ. ಫೋಟೋ ತಿದ್ದುವ ಲೈಟ್‌ರೂಮ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗಲೇ ಸ್ಥಳ ತೆಗೆಯುವ ಆಯ್ಕೆ ಇದೆ. ಸಾವಿರಾರು ಫೈಲ್‌ಗೆ ಒಟ್ಟಿಗೆ ಮಾಡಲು ಎಕ್ಸಿಫ್‌ಟೂಲ್ ಎಂಬ ತಂತ್ರಾಂಶವಿದೆ, ಉಚಿತ.

ರೈಟ್ ಕ್ಲಿಕ್ ತಡೆಯುವ ಪ್ಲಗಿನ್‌ಗೆ ಮಾತ್ರ ಸಮಯ ಕಳೆಯಬೇಡಿ. ಸ್ಕ್ರೀನ್‌ಶಾಟ್ ತೆಗೆಯುವವರಿಗೆ ಅದು ಲೆಕ್ಕಕ್ಕೇ ಇಲ್ಲ. ಕಳ್ಳತನದ ಭಯವಿದ್ದರೆ ಚಿಕ್ಕ ಅಳತೆ ಹಾಕಿ, ಅಷ್ಟೇ.

ಉತ್ತರ 4

ಸೈಟ್ ಕಟ್ಟಿದ ಮಾತ್ರಕ್ಕೆ ಜನ ಬರುವುದಿಲ್ಲ, ಇದನ್ನು ಮೊದಲೇ ಅರಗಿಸಿಕೊಳ್ಳಿ. ಜನ ಇರುವುದು ಸೋಷಿಯಲ್ ಮೀಡಿಯಾದಲ್ಲೇ. ಪೂರ್ತಿ ಆಲ್ಬಮ್ ಸೈಟ್‌ನಲ್ಲಿಟ್ಟು ಒಂದೆರಡು ಚಿತ್ರ ಅಲ್ಲಿ ಹಾಕಿ ಕರೆತನ್ನಿ. ಇನ್‌ಸ್ಟಾಗ್ರಾಮ್‌ನ ಚಿತ್ರದ ಕೆಳಗೆ ಬರೆದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಅದನ್ನು ಪ್ರೊಫೈಲ್‌ನಲ್ಲಿ ಕೊಡಬೇಕು. ಫೇಸ್‌ಬುಕ್‌ನಲ್ಲಿ ಲಿಂಕ್ ಹಾಕಿದಾಗ ಕಾಣುವ ಮುನ್ನೋಟಕ್ಕೆ 1200×630 ಅಳತೆಯ ಚಿತ್ರ ಗೊತ್ತುಮಾಡಿಡಿ. ಆಮೇಲೆ ಚಿತ್ರ ಬದಲಿಸಿದರೂ ಹಳೆಯದೇ ಕಾಣುತ್ತಿದ್ದರೆ ಅವರದೇ ಶೇರಿಂಗ್ ಡಿಬಗ್ಗರ್ ಎಂಬ ಪುಟದಲ್ಲಿ ವಿಳಾಸ ಕೊಟ್ಟು ಮತ್ತೆ ಓದಿಸಿ.

ಗೂಗಲ್‌ನಿಂದ ಬರುವವರಿಗೆ ಬೇಕಿರುವುದು ಅಕ್ಷರ. ಹಕ್ಕಿಯ ಕನ್ನಡ ಹೆಸರು, ವೈಜ್ಞಾನಿಕ ಹೆಸರು, ಏನು ಮಾಡುತ್ತಿದೆ ಎಂಬ ಒಂದು ಸಾಲು ಪ್ರತಿ ಚಿತ್ರದ ಕೆಳಗೂ ಇರಲಿ.

ಎಲ್ಲವನ್ನೂ ಬೇರೆಯವರ ಅಂಗಳದಲ್ಲೇ ಇಟ್ಟರೆ ಏನಾಗಬಹುದು ಎನ್ನುವುದಕ್ಕೆ ಉದಾಹರಣೆಗಳಿವೆ. ಗೂಗಲ್‌ನ ಸೋಷಿಯಲ್ ಮೀಡಿಯಾ ಗೂಗಲ್ ಪ್ಲಸ್‌ನ ಸಾಮಾನ್ಯ ಖಾತೆಗಳು 2019ರ ಏಪ್ರಿಲ್‌ನಲ್ಲಿ ಮುಚ್ಚಿದವು. ಫೋಟೋ ಹಂಚುವ ತಾಣ ಫ್ಲಿಕರ್ 2018ರಲ್ಲಿ ಉಚಿತ ಖಾತೆಗೆ 1000 ಫೋಟೋ ಮಿತಿ ಘೋಷಿಸಿತು, ನಿಮ್ಮ 3000ಕ್ಕೆ ಅಲ್ಲಿ ಜಾಗವಿಲ್ಲ. ಫೇಸ್‌ಬುಕ್‌ನಿಂದ ನಿಮ್ಮ ಮಾಹಿತಿಯನ್ನೆಲ್ಲ ಇಳಿಸಿಕೊಂಡರೂ ಸಿಗುವುದು ಅವರು ಕುಗ್ಗಿಸಿದ ಪ್ರತಿಯೇ ಹೊರತು ನಿಮ್ಮ ಒರಿಜಿನಲ್ ಅಲ್ಲ. ಒರಿಜಿನಲ್ ಎರಡು ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಪ್ರತಿ ಮನೆಯಿಂದ ಹೊರಗೆ ಇರಲಿ. ಸೈಟ್ ಕೂಡ ಬ್ಯಾಕಪ್ ಅಲ್ಲ.

ಉತ್ತರ 5

ಮನೆಮಂದಿಯ ಫೋಟೋ ಸೋಷಿಯಲ್ ಮೀಡಿಯಾ, ಸೈಟ್ ಎರಡೂ ಕಡೆ ಬೇಡ. ಪಾಸ್‌ವರ್ಡ್ ಮತ್ತು ಅವಧಿ ಇರುವ ಹಂಚಿಕೆ ಲಿಂಕ್ ಬಳಸಿ, ಫೈಲ್ ಇಟ್ಟು ಹಂಚುವ ತಂತ್ರಾಂಶವಾದ ನೆಕ್ಸ್ಟ್‌ಕ್ಲೌಡ್‌ನಲ್ಲಿ ಆ ಎರಡೂ ಇವೆ. ಸೈಟ್‌ನ ರೋಬೋಟ್ಸ್ ಫೈಲ್‌ನಲ್ಲಿ (robots.txt) ತಡೆದಿದ್ದೇನೆ, ಯಾರಿಗೂ ಕಾಣುವುದಿಲ್ಲ ಎಂದು ಕೆಲವರು ನಂಬಿಕೊಂಡಿರುತ್ತಾರೆ. ಅದು ಹುಡುಕು ಯಂತ್ರಗಳಿಗೆ ಮಾಡಿದ ವಿನಂತಿ ಮಾತ್ರ, ಬೀಗವಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಪಿವಿಗೋ ಹಾಕಿ ನೋಡುತ್ತೇನೆ. ಪರೀಕ್ಷೆಗೆಂದು ಸರ್ವರ್‌ನಲ್ಲಿ ಕೈಯಾರೆ ಮಾಡಿದ ಪುಟದಲ್ಲಿ 10 ಚಿತ್ರಗಳಲ್ಲಿ 4 ಕಾಣುತ್ತಿಲ್ಲ. ನನ್ನ ಕಂಪ್ಯೂಟರ್‌ನಲ್ಲಿ ಎಲ್ಲವೂ ಸರಿಯಾಗಿದ್ದವು. ಏಕೆ?

ಉತ್ತರ 2 ಬರೆದವರು: ಫೈಲ್ ಹೆಸರಿನ ಕೊನೆಯ ಜೆಪಿಜಿ ದೊಡ್ಡಕ್ಷರದಲ್ಲಿದೆಯೇ ನೋಡಿ. ವಿಂಡೋಸ್‌ಗೆ ದೊಡ್ಡಕ್ಷರ, ಚಿಕ್ಕಕ್ಷರ ಒಂದೇ, ಲಿನಕ್ಸ್ ಸರ್ವರ್‌ಗೆ ಅವು ಬೇರೆ ಬೇರೆ ಫೈಲ್. ಹೆಸರಲ್ಲಿ ಖಾಲಿ ಜಾಗವೂ ಬೇಡ, ಅಡ್ಡಗೆರೆ ಬಳಸಿ. ಹೆಸರು ಸರಿಯಿದ್ದರೆ ಅವು ಐಫೋನ್ ಫೋಟೋ ಉಳಿಸುವ ಹೈಕ್ (HEIC) ಬಗೆಯ ಫೈಲ್‌ಗಳಿರಬಹುದು. ಸಫಾರಿ ಬಿಟ್ಟರೆ ಬಹುತೇಕ ಬ್ರೌಸರ್‌ಗಳು ಅದನ್ನು ತೋರಿಸುವುದಿಲ್ಲ. ಜೆಪೆಗ್ ಮಾಡಿ ಮತ್ತೆ ಹಾಕಿ.